ಹೆಸರಿಡದ ಫೈಲು

ಪರದೆಯ ಮೇಲೆ ಈಗ ಒಂದು ಕಣ್ಣು ಮಾತ್ರ ಇತ್ತು. ಎಡಗಣ್ಣು. ಅರ್ಧ ಹುಬ್ಬು, ಕೆಳರೆಪ್ಪೆಯ ದಪ್ಪ ಕಾಡಿಗೆ, ಮೂಗು ಏಳುವಲ್ಲಿನ ಒಂದಿಷ್ಟು ಬೂದು ಬಣ್ಣ, ಅಷ್ಟೇ. ಇಪ್ಪತ್ತೆರಡು ಇಂಚಿನ ಪರದೆಯನ್ನು ತುಂಬಿಕೊಂಡು ಅದು ಬೆಳಗಿನ ಹತ್ತೂ ನಲವತ್ತರಿಂದ ವೇದಾಳನ್ನು ನೋಡುತ್ತಿತ್ತು. ಪರದೆಯ ಮೂಲೆಯ ಗಡಿಯಾರವೂ ಹತ್ತೂ ನಲವತ್ತಕ್ಕೇ ನಿಂತಿತ್ತು; ಗೋಡೆಯ ಮೇಲಿನದು ಮಾತ್ರ ಹನ್ನೆರಡು ದಾಟಿ ತನ್ನ ಪಾಡಿಗೆ ಹೋಗುತ್ತಿತ್ತು. ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಮಬ್ಬು. ಪ್ರೋಗ್ರಾಂ ಉಸಿರು ಕಟ್ಟಿ ಕೂತಾಗ ಯಂತ್ರ ತಾನಾಗಿ ಎಳೆಯುವ ಮುಸುಕು ಅದು, ಅವಳಿಗೆ ಹೊಸದೇನಲ್ಲ. ದಿನಕ್ಕೆ ನಾಲ್ಕು ಸಲ ಬರುತ್ತದೆ, ಎದ್ದು ಹೋಗಿ ಕುಕ್ಕರ್ ಇಟ್ಟು ಬರುವಷ್ಟರಲ್ಲಿ ಹೋಗಿರುತ್ತದೆ. ಇವತ್ತು ಕುಕ್ಕರ್ ಇಟ್ಟು, ಇಳಿಸಿ, ಬಟ್ಟೆ ಒಣಹಾಕಿ, ಹಿತ್ತಲಲ್ಲಿ ಬೇಕೆಂದೇ ಸುಮ್ಮನೆ ನಿಂತು ಬಂದರೂ ಹೋಗಿರಲಿಲ್ಲ. ನೋಡದೆ ಇದ್ದರೆ ಸರಿಹೋದೀತು ಎಂದು ಬೆನ್ನು ತಿರುಗಿಸಿ ಕೂತಳು. ಬೆನ್ನ ಹಿಂದೆಯೂ ಅದು ನೋಡುತ್ತಿತ್ತು.

ಮೊಹಮ್ಮದನಿಗೆ ಮೂರು ಸಲ ಫೋನ್ ಮಾಡಿದ್ದಳು. ಎಂ.ಎಸ್. ಪಾಳ್ಯದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅವನು ಎರಡು ವರ್ಷದಿಂದ ಹೇಳುತ್ತಲೇ ಇದ್ದ, ಈ ಡಬ್ಬಕ್ಕೆ ಎಂಟು ಜಿಬಿ ಮೆಮೊರಿ ಯಾವ ಮೂಲೆಗೂ ಸಾಲದು, ಇನ್ನೊಂದು ಎಂಟು ಹಾಕಿಸಿ, ಅರ್ಧ ಗಂಟೆಯ ಕೆಲಸ ಎಂದು. ಆ ಅರ್ಧ ಗಂಟೆ ಯಂತ್ರವನ್ನು ಆರಿಸಬೇಕಿತ್ತು. ಅವಳ ಯಂತ್ರ ಆರುವುದು ಆಯುಧಪೂಜೆಯ ದಿನ ಮಾತ್ರ. ಅವತ್ತು ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೊಂದು ಬಾಳೆಕಂದು ಒರಗಿಸುತ್ತಾಳೆ. ಉಳಿದ ದಿನ ಅವಳು ಮನೆಯಲ್ಲೇ ಕೂತು ಮಾಡಿಕೊಡುವ ಒಂದಲ್ಲ ಒಂದು ಮದುವೆಯ ಆಲ್ಬಂ ಅರ್ಧ ತೆರೆದಿರುತ್ತದೆ. ಮೂರನೇ ಸಲ ಅವನು ನಗುವುದನ್ನು ಬಿಟ್ಟು, ಸೇವ್ ಮಾಡಿದ್ದೀರಾ ಎಂದು ಕೇಳಿದ. ಇಲ್ಲ ಎಂದಳು. ಯಾವಾಗಿನಿಂದ ಎಂದ. ಸೋಮವಾರದಿಂದ ಎಂದಳು. ಅವನ ಹಿಂದೆ ಯಾರೋ ಸ್ಕ್ರೂ ಬಿಚ್ಚುವ ಸದ್ದು ಕೇಳುತ್ತಿತ್ತು.

"ಹಂಗಾದ್ರೆ ಅದು ಡಿಸ್ಕಲ್ಲಿ ಎಲ್ಲೂ ಇಲ್ಲ ಅಕ್ಕಾ. ಕರೆಂಟ್ ಇರೋವರ್ಗೂ ಇರತ್ತೆ, ಅಷ್ಟೇ. ಏನೂ ಮುಟ್ಬೇಡಿ. ಒಂದೊಂದ್ಸಲ ತಾನಾಗೇ ವಾಪಸ್ ಬರತ್ತೆ."

ಮುಟ್ಟದೆ ಕೂತಿದ್ದಳು. ಮೊಬೈಲಿನಲ್ಲಿ ಪರದೆಯ ಫೋಟೊ ಹನ್ನೊಂದು ತೆಗೆದಿದ್ದಳು. ಹನ್ನೊಂದರಲ್ಲೂ ಅದೇ ಕಣ್ಣು, ಅಡ್ಡ ಗೆರೆಗಳ ಬಲೆಯೊಳಗೆ ಸಿಕ್ಕಿಕೊಂಡಂತೆ. ಮುಖ ಇದ್ದದ್ದು ಪರದೆಯ ಅಂಚಿನಾಚೆ. ಕೆನ್ನೆ ಎರಡು ಬೆರಳು ಕೆಳಗೆ ಇತ್ತು. ಮೌಸಿನ ಗಾಲಿಯನ್ನು ಒಂದು ಸಲ ಉರುಳಿಸಿದರೆ ಸಾಕು, ಮೇಲೆ ಬರುತ್ತಿತ್ತು. ಅವನು ಮುಟ್ಟಬೇಡಿ ಎನ್ನುವ ಮೊದಲೇ ಅವಳು ಸಾವಿರ ಸಲ ಉರುಳಿಸಿದ್ದಳು.

ಸೋಮವಾರ ಮುನಿನಾರಾಯಣಮ್ಮ ಆ ಫೋಟೊವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದಳು. ಶೆಟ್ಟಿಹಳ್ಳಿಯವಳು. ವೇದಾ ಮದುವೆಯಾಗಿ ಎಂ.ಎಸ್. ಪಾಳ್ಯದ ಪಕ್ಕದ ಸಿಂಗಾಪುರದ ಈ ಮನೆಗೆ ಬಂದ ಹೊಸದರಲ್ಲಿ ಹಾಲು ತಂದು ಹಾಕುತ್ತಿದ್ದವಳು. ಈಗ ದನ ಕಟ್ಟುತ್ತಿದ್ದ ಜಾಗದಲ್ಲಿ ಐದು ಅಂತಸ್ತು ಎದ್ದಿದೆ, ಮಗ ವಿಜಯ್ ಕುಮಾರನ ಮುಖ ಪ್ರತಿ ಹುಟ್ಟುಹಬ್ಬಕ್ಕೂ ಬಸ್ ನಿಲ್ದಾಣದಿಂದ ದೇವಸ್ಥಾನದವರೆಗೆ ಫ್ಲೆಕ್ಸುಗಳಲ್ಲಿ ತೂಗುತ್ತದೆ. ಆ ಫ್ಲೆಕ್ಸುಗಳನ್ನು ಮಾಡಿಕೊಡುವವಳು ವೇದಾಳೇ. ಅಣ್ಣನ ಕೆನ್ನೆ ಇನ್ನೂ ಬೆಳ್ಳಗೆ ಮಾಡಿ ಟೈಪಿಂಗ್ ಆಂಟಿ ಎಂದು ಅವನ ಕಡೆಯವರು ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತಾರೆ, ಅವಳು ಮಾಡುತ್ತಾಳೆ. ಅವನ ಮುಖಗಳು ಅವಳ ಡಿಸ್ಕಿನಲ್ಲಿ ಅರವತ್ತೆಂಟು ಇವೆ. ಅವನ ಅಕ್ಕನದು ಎಲ್ಲೂ ಇಲ್ಲ, ಈ ಒಂದರ ಹೊರತು. ರಾಮಲಕ್ಷ್ಮಿ. ನಾಲ್ಕು ವರ್ಷ ಎಂಟು ತಿಂಗಳು. ಯಶವಂತಪುರದ ಒಂದು ಸ್ಟುಡಿಯೊದಲ್ಲಿ ತೆಗೆಸಿದ್ದು, ತೆಗೆಸಿದ ಹನ್ನೊಂದನೇ ದಿನಕ್ಕೆ ಮಗು ಹೋಯಿತು. ಅಂಗೈಯಗಲದ ಕಪ್ಪುಬಿಳುಪು ಫೋಟೊ ಕಟ್ಟಿನ ಗಾಜಿಗೇ ಅಂಟಿಕೊಂಡು, ಬೂಷ್ಟು ಹಿಡಿದು, ಮುಖ ಯಾವುದು ಕಲೆ ಯಾವುದು ಎಂದು ತಿಳಿಯದಂತಾಗಿತ್ತು. ಮುನಿನಾರಾಯಣಮ್ಮನ ಒಂದು ಕಣ್ಣು ಆಗಲೇ ಹೋಗಿದೆ. ಇನ್ನೊಂದಕ್ಕೆ ಶುಕ್ರವಾರ ಬೆಳಿಗ್ಗೆ ಆಪರೇಷನ್, ಉಳಿದರೆ ಉಳಿಯಿತು ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಅದಕ್ಕೆ ಮುಂಚೆ ಒಂದು ಸಲ ದೊಡ್ಡದಾಗಿ ನೋಡಬೇಕು, ಗೋಡೆಯಷ್ಟು ದೊಡ್ಡದಾಗಿ, ಎಂದಿದ್ದಳು. ಇವತ್ತು ಗುರುವಾರ.

ಗೋಡೆಯಷ್ಟು ಎಂದಿದ್ದಕ್ಕೇ ಸ್ಕ್ಯಾನರನ್ನು ಅದರ ತುತ್ತತುದಿಗೆ ಏರಿಸಿ ಗಾಜಿನ ಮೇಲಿನಿಂದಲೇ ಫೋಟೊ ಎಳೆದದ್ದು. ಆ ಫೈಲು ಒಳಗೆ ಬಂದು ಕೂತ ಕ್ಷಣದಿಂದ ಯಂತ್ರ ಏದುಸಿರು ಬಿಡತೊಡಗಿತ್ತು. ಅದಕ್ಕೆ ಹೆಸರು ಕೊಟ್ಟು ಸೇವ್ ಮಾಡಲು ಹೋದರೆ ಮೆಮೊರಿ ಸಾಲದು, ಬೇರೆ ಏನಾದರೂ ಮುಚ್ಚಿ ಎನ್ನುತ್ತಿತ್ತು. ಮುಚ್ಚುವುದು ಯಾವುದನ್ನು? ಫೋಟೊಗ್ರಾಫರ್ ಗಿರಿಯ ಮದುವೆ ಆಲ್ಬಂ ಎಂಬತ್ತು ಹಾಳೆ ತೆರೆದಿತ್ತು, ಅದು ತೆರೆಯುವುದಕ್ಕೇ ಇಪ್ಪತ್ತು ನಿಮಿಷ ಬೇಕು. ಮಗಳು ನಂದಿತಾಳ ಪರೀಕ್ಷೆಯ ಪಾಠಗಳು, ಗಂಡನ ಪಿಎಫ್ ಅರ್ಜಿ, ಯಾರದೋ ಗೃಹಪ್ರವೇಶದ ಕಾರ್ಡು. ಆಮೇಲೆ ಮಾಡಿದರಾಯಿತು ಎಂದುಕೊಂಡಳು. ತಾನಾಗಿ ಸೇವ್ ಆಗುವ ಏರ್ಪಾಡನ್ನು ಅವಳೇ ಹೋದ ವರ್ಷ ನಿಲ್ಲಿಸಿದ್ದಳು, ಹತ್ತು ನಿಮಿಷಕ್ಕೊಮ್ಮೆ ಕೈ ಕಟ್ಟಿ ಕೂರಿಸುತ್ತದೆ ಎಂದು. ಮತ್ತೆ ಆ ಸಂಜೆಯೇ ಅವಳಿಗೆ ದುರಾಸೆ ಹುಟ್ಟಿತು. ಗಾಜು ಬಿಡಿಸಿ ಎಳೆದರೆ ಇನ್ನೂ ಚೆನ್ನಾಗಿ ಬರುತ್ತದೆ. ಹಿಂದೆ ಕೆಲಸ ಮಾಡುತ್ತಿದ್ದ ಸ್ಟುಡಿಯೊದ ಯಜಮಾನರು ಅಂಟಿದ ಫೋಟೊಗಳನ್ನು ನೀರಲ್ಲಿ ನೆನೆಸಿ ಬಿಡಿಸುತ್ತಿದ್ದುದನ್ನು ನೋಡಿದ್ದಳು. ಸ್ಟೀಲು ಹರಿವಾಣಕ್ಕೆ ತಣ್ಣೀರು ಬಿಟ್ಟು ಮಲಗಿಸಿದಳು. ಬೂಷ್ಟು ತಿಂದ ಫೋಟೊ ನೀರು ತಾಳುವುದಿಲ್ಲ ಎಂದು ಆ ಯಜಮಾನರು ಹೇಳಿದ್ದರೋ ಏನೋ, ಹೇಳಿದಾಗ ಅವಳು ಟೀ ತರಲು ಹೋಗಿದ್ದಳೋ ಏನೋ. ಸೊಪ್ಪು ಬಿಡಿಸಿ ಬಂದು ನೋಡಿದರೆ ಕಾಗದ ಬೆಳ್ಳಗೆ ತೇಲುತ್ತಿತ್ತು. ನೀರಿನ ಮೇಲೆ ಬೂದು ಕೆನೆಯೊಂದು ನಿಧಾನ ತಿರುಗುತ್ತಾ, ಅವಳ ಉಸಿರು ತಾಕಿದ್ದಕ್ಕೆ ಹರಿದು, ಹರಿವಾಣದ ಅಂಚಿಗೆ ಹೋಗಿ ಹತ್ತಿತು. ಆ ನೀರನ್ನು ಚೆಲ್ಲಲು ಧೈರ್ಯ ಬಂದಿರಲಿಲ್ಲ. ಹರಿವಾಣ ಇನ್ನೂ ಅಟ್ಟದ ಮೇಲೆ ಇದೆ. ಗಂಡ ರಘುನಾಥ ಪಾಯಸಕ್ಕೆ ಅದು ಎಲ್ಲಿ ಎಂದು ನಿನ್ನೆ ಹುಡುಕಿದಾಗ ಪಕ್ಕದ ಮನೆಯವರು ಒಯ್ದಿದ್ದಾರೆ ಎಂದಿದ್ದಳು.

ಆಮೇಲಿನ ಎರಡು ದಿನ ಅವಳು ಆ ಮಗುವಿನೊಳಗೇ ಇದ್ದಳು; ಸೇವ್ ಮಾಡಬೇಕೆಂದು ನೆನಪಾದಾಗೆಲ್ಲ ಈ ಮೂಲೆ ಮುಗಿಯಲಿ ಎಂದು ಮುಂದೂಡಿದಳು. ಮುಖ ಎಂದು ಒಂದನ್ನು ನೋಡಿದ್ದು ಕಡಿಮೆ. ಹದಿನಾರು ಪಟ್ಟು ಹಿಗ್ಗಿಸಿ, ಒಂದು ಮೂಲೆಯಿಂದ ಹಿಡಿದು, ಹೊಲದ ಕಳೆ ಕೀಳುವವರಂತೆ ಚುಕ್ಕಿ ಚುಕ್ಕಿ ಹೆಕ್ಕುತ್ತ ಹೋಗುವುದು; ಬೂಷ್ಟಿನ ಮೇಲೆ ಒಂದು ಒತ್ತು, ಅದು ಮಾಯ, ಮುಂದಿನದು. ಬೈತಲೆಯಿಂದ ಇಳಿದ ಒಂದು ಗೀರು, ಕಿವಿಯ ಹತ್ತಿರ ತೇವದ ಕಲೆ. ಅವಳ ಕೈ ಇಂಥ ಕೆಲಸದಲ್ಲಿ ಒಳ್ಳೆಯದು, ಎಲ್ಲರೂ ಹೇಳುತ್ತಾರೆ. ನಂದಿತಾಗೆ ಎರಡನೇ ಕ್ಲಾಸಿನಲ್ಲಿ ಜ್ವರ ಬಂದ ದಿನವೂ ಅವಳು ಹೀಗೇ ಯಾರದೋ ಮದುಮಗಳ ಮೊಡವೆ ತೆಗೆಯುತ್ತಿದ್ದಳು. ಬೆಳಿಗ್ಗೆ ಜಡೆ ಹಾಕುವಾಗ ಕುತ್ತಿಗೆ ಬಿಸಿ ತಾಕಿತ್ತು. ತಾಕಲಿಲ್ಲ ಎಂದುಕೊಂಡು, ಅರ್ಧ ಮಾತ್ರೆ ಜೇನಿನಲ್ಲಿ ತೇಯ್ದು ನೆಕ್ಕಿಸಿ, ವ್ಯಾನು ಹತ್ತಿಸಿದ್ದಳು. ಭಾನುವಾರದೊಳಗೆ ಆಲ್ಬಂ ಕೊಡಬೇಕಿತ್ತು. ಹನ್ನೊಂದೂವರೆಗೆ ಸ್ಕೂಲಿನಿಂದ ಫೋನ್ ಬಂದಾಗ ಟೀಚರಮ್ಮ, ಬೆಳಿಗ್ಗೆ ನೀವು ಮುಟ್ಟಿ ನೋಡ್ಲಿಲ್ವಾ ಎಂದು ಕೇಳಿದ್ದರು. ಇಲ್ಲ ಮಿಸ್, ಬೆಳಿಗ್ಗೆ ಚೆನ್ನಾಗಿದ್ಲು ಎಂದಿದ್ದಳು. ಆರು ವರ್ಷವಾಯಿತು. ಆ ಮಾತು ಇವತ್ತಿಗೂ ಪಾತ್ರೆ ತೊಳೆಯುವಾಗ ಕಾರಣವಿಲ್ಲದೆ ಬಂದು ಬಾಯಲ್ಲಿ ಕೂರುತ್ತದೆ.

ಇವತ್ತು ಬೆಳಿಗ್ಗೆ ಹತ್ತೂವರೆಗೆ ಮುನಿನಾರಾಯಣಮ್ಮನ ಫೋನು. ನಾಲ್ಕು ಗಂಟೆಗೆ ಬರುತ್ತೇನೆ ಎಂದಳು. ಆಮೇಲೆ ಇಟ್ಟುಬಿಡುವುದರ ಬದಲು ಕೆಮ್ಮಿದಳು, ಊಟ ಆಯಿತೇ ಎಂದು ಆ ಹೊತ್ತಲ್ಲದ ಹೊತ್ತಲ್ಲಿ ಕೇಳಿದಳು.

"ಎಡಗೆನ್ನೆ ಮ್ಯಾಗೆ ದೃಷ್ಟಿ ಬೊಟ್ಟು ಕಾಣ್ತದಾ ನೋಡಮ್ಮ. ನಾನು ಇಕ್ಕಿದ್ದೆ. ಇಕ್ಕಿಲ್ಲ ಅಂತ ನಮ್ಮತ್ತೆ ಸಾಯೋಗಂಟ ಅಂದ್ಲು. ಬೊಟ್ಟಿಲ್ದೆ ಮಗೀನ ಸ್ಟುಡಿಯೋಗೆ ಕರ್ಕೊಂಡೋಗಿ ಅಷ್ಟು ಜನದ್ ಕಣ್ಣಿಗೆ ಕೊಟ್ಟು ಕೊಂದೆ ಅಂತ. ನಲವತ್ತಾರು ವರ್ಸ ಆ ಪಟ ಹಿಡ್ಕೊಂಡು ನೋಡಿವ್ನಿ, ಬೊಟ್ಟೋ ಬೂಷ್ಟೋ ತಿಳೀಲೇ ಇಲ್ಲ."

ನೋಡ್ತೀನಿ ಅಮ್ಮ ಎಂದಳು ವೇದಾ. ಫೋನು ಇಟ್ಟಳು. ಎಡಗೆನ್ನೆ ಸ್ವಚ್ಛವಾಗಿತ್ತು. ಮಂಗಳವಾರ ಮಧ್ಯಾಹ್ನ ಅವಳೇ ಮಾಡಿದ್ದು, ಒಂದು ಕೈಯಲ್ಲಿ ಫೋನು ಹಿಡಿದು ಗಿರಿಯ ಜೊತೆ ಮಾತಾಡುತ್ತ. ಅಲ್ಲೊಂದು ಕಪ್ಪು ಇದ್ದಿದ್ದು ಹೌದು. ಕಪ್ಪುಗಳು ನೂರಾರು ಇದ್ದವು. ಮಾಡಿದ್ದನ್ನು ಹಿಂದಕ್ಕೆ ತೆಗೆಯುವ ಕೀಲಿ ಒತ್ತಿದಳು. ಐನೂರು ಹೆಜ್ಜೆಯವರೆಗೆ ನೆನಪಿಟ್ಟುಕೋ ಎಂದು ಯಂತ್ರಕ್ಕೆ ಹೇಳಿಟ್ಟವಳು ಅವಳೇ, ಆ ಹೆಜ್ಜೆಗಳೇ ಮೆಮೊರಿಯ ಅರ್ಧವನ್ನು ತಿಂದಿದ್ದವು. ಒತ್ತಿದಂತೆಲ್ಲ ಬೂಷ್ಟುಗಳು ಒಂದೊಂದಾಗಿ ವಾಪಸು ಬಂದವು, ಹುಬ್ಬಿನ ಮೇಲೆ, ರೆಪ್ಪೆಯ ಕೆಳಗೆ. ಇನ್ನೂ ಒತ್ತಿದಳು. ನಿಧಾನ ಒತ್ತಬೇಕಿತ್ತು. ಬಾಗಿಲು ಬಡಿಯುವವರ ಹಾಗೆ ಒತ್ತಿದಳು. ಹತ್ತೂ ನಲವತ್ತಕ್ಕೆ ಮುಸುಕು ಬಿತ್ತು. ಬೊಟ್ಟು ವಾಪಸು ಬಂದಿತ್ತೋ ಇಲ್ಲವೋ, ಬಂದಿದ್ದರೆ ಈ ಅಂಚಿನ ಎರಡು ಬೆರಳು ಕೆಳಗೆ ಇರಬೇಕು.

ಒಂದೂವರೆಗೆ ನಂದಿತಾ ಪರೀಕ್ಷೆ ಮುಗಿಸಿ ಬಂದಳು. ಚೀಲ ಇಳಿಸುವ ಮೊದಲೇ ತಾಯಿಯ ಮುಖ ನೋಡಿ, ಏನಾಯಿತು ಎಂದು ಕೇಳದೆ, ಪರದೆ ನೋಡಿ ಅರ್ಥ ಮಾಡಿಕೊಂಡಳು. ಹದಿಮೂರು ವರ್ಷದ ಮಗಳು ಇಷ್ಟು ಬೇಗ ಅರ್ಥ ಮಾಡಿಕೊಳ್ಳುವುದು ವೇದಾಗೆ ಹಿಡಿಸಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಅವಳು, ಆ ಕಣ್ಣಿನ ಫೋಟೊ ಕೊಡಮ್ಮ, ಎಐ ಉಳಿದ ಮುಖ ಮಾಡಿಕೊಡತ್ತೆ ಎಂದಳು. ಬೇಡ ಎಂದಳು ವೇದಾ. ಬೇಡ ಎಂದವಳು ಮೊಬೈಲನ್ನು ಮಗಳ ಎಡಗೈ ಕಡೆಗೆ ಸರಿಸಿದ್ದಳು. ಅನ್ನ ಮುಗಿಯುವ ಮೊದಲೇ ಮುಖವೊಂದು ಸಿದ್ಧವಾಯಿತು. ತುಂಬಿದ ಕೆನ್ನೆಯ, ಮುದ್ದಾಗಿ ನಗುವ ಹುಡುಗಿ, ಹಳೆಯ ಫೋಟೊಗಳಿಗಿರುವಂಥ ಕಂದು ಬಣ್ಣವೂ ಸೇರಿ. ಎಡಗಣ್ಣು ಅದೇ. ಬಲಗಣ್ಣು ಎಲ್ಲಿಂದಲೋ ಬಂದದ್ದು. ವೇದಾ ತುಂಬ ಹೊತ್ತು ನೋಡಿದಳು. ಇವಳಲ್ಲ ಎನ್ನುವಷ್ಟು ಅವಳಿಗೆ ಗೊತ್ತಿತ್ತು, ಹಾಗಾದರೆ ಅವಳು ಹೇಗಿದ್ದಳು ಎಂದರೆ ಗೊತ್ತಿರಲಿಲ್ಲ. ಮುನಿನಾರಾಯಣಮ್ಮನಿಗೂ ಗೊತ್ತಾಗಲಾರದು. ಒಂದೇ ಕಣ್ಣು, ಅದರಲ್ಲೂ ಪೊರೆ, ನಾಳೆ ಅದೂ ಇರುತ್ತದೋ ಇಲ್ಲವೋ. ಒಳಗಿನಿಂದ ಯಾರೋ ಹೇಳಿಕೊಟ್ಟಂತೆ ಅವಳ ಬಾಯಿಂದ ಬಂತು, ಎಡಗೆನ್ನೆ ಮೇಲೆ ಒಂದು ಬೊಟ್ಟು ಇಡು. ಮಗಳು ತಲೆಯೆತ್ತಿ ನೋಡಿದಳು. ಇಟ್ಟಳು. ದುಂಡಗೆ, ಅಚ್ಚುಕಟ್ಟಾಗಿ, ಗಣಪತಿ ಹಬ್ಬದ ದಿನ ಅಂಗಡಿಯ ಸ್ಟಿಕ್ಕರು ಅಂಟಿಸಿದಂತೆ. ತಟ್ಟೆ ತೊಳೆದಿಟ್ಟು ಹೋಗಿ ಬಾಗಿಲು ಹಾಕಿಕೊಂಡು ಓದಲು ಕೂತಳು. ಬಾಗಿಲು ಹಾಕಿಕೊಳ್ಳುವ ಹುಡುಗಿ ಅಲ್ಲ ಅವಳು.

ಮೂರೂವರೆಗೇ ಆಟೊ ನಿಂತ ಸದ್ದಾಯಿತು. ಮಗನ ಕಾರು ಬಿಟ್ಟು ಮುದುಕಿ ಒಬ್ಬಳೇ ಬಂದಿದ್ದಳು. ನಾಳೆಯಿಂದ ತಲೆಗೆ ನೀರು ಹಾಕುವಂತಿಲ್ಲ ಎಂದು ತಲೆ ತೊಳೆದು ಬಂದಿದ್ದಳು, ಒದ್ದೆ ಕೂದಲ ಗಂಟಿನಿಂದ ಸೀಗೆಕಾಯಿ ವಾಸನೆ ಬರುತ್ತಿತ್ತು. ವೇದಾ ಏನಾದರೂ ಹೇಳುವ ಮೊದಲೇ ಗೋಡೆ ಮುಟ್ಟಿಕೊಂಡು ಬಂದು ಅವಳದೇ ಕುರ್ಚಿಯಲ್ಲಿ ಕೂತು ಪರದೆಗೆ ಮುಖ ತಂದಳು. ಮೂಗು ತಾಕುವಷ್ಟು ಹತ್ತಿರ.

"ಏನಮ್ಮ, ನಿನ್ ಮಿಷನ್‌ಗೂ ಪೊರೆ ಬಂದೈತಾ?"

ತನ್ನ ತಮಾಷೆಗೆ ತಾನೇ ನಕ್ಕು, ಆಮೇಲೆ ನಗುವುದನ್ನು ನಿಲ್ಲಿಸಿದಳು. ಕಣ್ಣು ಅವಳಿಗೆ ಕಂಡಿತ್ತು. ಒಂದು ಕಣ್ಣು ಇನ್ನೊಂದನ್ನು ನೋಡುತ್ತಿರುವುದನ್ನು ವೇದಾ ಪಕ್ಕದಲ್ಲಿ ನಿಂತು ನೋಡಿದಳು. ಕಾಡಿಗೆ ಜಾಸ್ತಿಯಾಯಿತು ಎಂದು ಅತ್ತೆ ಬೈದಿದ್ದನ್ನು ಮುದುಕಿ ಪರದೆಗೇ ಹೇಳಿದಳು. ಎಷ್ಟು ಚೆನ್ನಾಗಿ ಮಾಡಿದ್ದೀಯ ಎಂದಳು. ಗೋಡೆಯಷ್ಟು ಅಂದಿದ್ದೆ, ಒಂದು ಕಣ್ಣೇ ಇಷ್ಟಗಲ ಮಾಡಿದ್ದೀಯಲ್ಲ ಎಂದಳು. ಮೇಜಿನ ಮೇಲೆ ವೇದಾಳ ಮೊಬೈಲು ಬೋರಲು ಬಿದ್ದಿತ್ತು.

"ವಸಿ ಕೆಳಗಿಳ್ಸು. ಕೆನ್ನೆ ನೋಡ್ತೀನಿ."

ಅಷ್ಟರಲ್ಲಿ ಫ್ಯಾನು ನಿಧಾನವಾಯಿತು. ಫ್ರಿಜ್ಜಿನ ಗುಂಯ್ ಎನ್ನುವುದು ನಿಂತಿತು. ಮೇಜಿನ ಕೆಳಗೆ ಯುಪಿಎಸ್ ಕೂಗತೊಡಗಿತು, ಹತ್ತು ಸೆಕೆಂಡಿಗೊಮ್ಮೆ ಒಂದು ಸಲ. ಅದರ ಬ್ಯಾಟರಿ ಹಳೆಯದು, ಆರು ನಿಮಿಷ, ಹೆಚ್ಚೆಂದರೆ ಏಳು. ಕರೆಂಟು ಮಧ್ಯಾಹ್ನ ಹೋದರೆ ಒಂದು ಗಂಟೆಯೊಳಗೆ ವಾಪಸು ಬಂದದ್ದಿಲ್ಲ. ಅದೇನು ಕೂಗ್ತಿರೋದು ಎಂದು ಮುದುಕಿ ಕೇಳಿದಳು. ವೇದಾ ಬಗ್ಗಿ ಮೌಸಿನ ಗಾಲಿಯನ್ನು ಉರುಳಿಸಿದಳು. ಮತ್ತೆ ಉರುಳಿಸಿದಳು. ಮೊಬೈಲು ಕೈಗೆ ಸಿಗುವಷ್ಟರಲ್ಲೇ ಇತ್ತು. ತಿರುಗಿಸಿ ಹಿಡಿದರೆ ನಗುವ ಕೆನ್ನೆ, ಕೆನ್ನೆಯ ಮೇಲೆ ಬೊಟ್ಟು, ನೋಡಿದಿರಾ ಅಮ್ಮ, ಇತ್ತು. ಒಂದು ಮಾತು. ಸುಳ್ಳೂ ಅಲ್ಲ. ಇದ್ದದ್ದು ಬೂಷ್ಟೇ ಆಗಿದ್ದರೆ ಸುಳ್ಳು. ಅವಳಿಗೆ ತಿಳಿಯದು. ಯುಪಿಎಸ್ ಮತ್ತೆ ಕೂಗಿತು. ಮುಚ್ಚಿದ ಕೋಣೆಯೊಳಗೆ ನಂದಿತಾ ಓದುವ ಸದ್ದು ನಿಂತಿತ್ತು.

ವೇದಾ ನೆಲದ ಮೇಲೆ ಕೂತಳು. ಕುರ್ಚಿಯ ಕಾಲಿನ ಹತ್ತಿರ, ಯಂತ್ರದ ಡಬ್ಬಕ್ಕೆ ಬೆನ್ನು ಕೊಟ್ಟು. ಎಲ್ಲವನ್ನೂ ಹೇಳಿದಳು, ನೀರಿಗೆ ಹಾಕಿದ್ದು, ಅಟ್ಟದ ಮೇಲಿನ ಹರಿವಾಣ, ಹೆಸರು ಕೊಡದೆ ಇಟ್ಟಿದ್ದು, ಯಂತ್ರ ಸಿಕ್ಕಿಕೊಂಡದ್ದು, ಇನ್ನು ನಾಲ್ಕೈದು ನಿಮಿಷಕ್ಕೆ ಆ ಕಣ್ಣೂ ಹೋಗುವುದು. ಅಳು ಬರಲಿಲ್ಲ, ಬಂದಿದ್ದರೆ ಸುಲಭವಾಗುತ್ತಿತ್ತು. ಮುದುಕಿ ಪರದೆಯಿಂದ ಮುಖ ತೆಗೆಯಲಿಲ್ಲ. ಬೈಯಲೂ ಇಲ್ಲ. ಹೋಗಲಿ ಎನ್ನುತ್ತಾಳೇನೋ ಎಂದು ವೇದಾ ಕಾಯುತ್ತಿದ್ದಾಗ, ಬೇರೆ ಏನನ್ನೋ ಕೇಳಿದಳು.

"ನೀನು ನೋಡಿದ್ದೀಯಲ್ಲ. ಇಷ್ಟು ದೊಡ್ಡದು ಮಾಡ್ಕೊಂಡು ನೋಡ್ದೋಳು ನೀನೊಬ್ಳೇ. ಬೊಟ್ಟಿತ್ತಾ?"

ಇತ್ತು ಎಂದರೆ ಮುಗಿಯುತ್ತಿತ್ತು. ವೇದಾ ಕಣ್ಣು ಮುಚ್ಚಿಕೊಂಡು ಮಂಗಳವಾರ ಮಧ್ಯಾಹ್ನಕ್ಕೆ ಹೋದಳು. ಎಡಗಿವಿಯಲ್ಲಿ ಗಿರಿಯ ದನಿ, ಮೂವತ್ತನೇ ಹಾಳೆಯಲ್ಲಿ ಮಾವಂದಿರು ತಪ್ಪಿಹೋಗಿದ್ದಾರೆ ಅಕ್ಕಾ ಎನ್ನುತ್ತಿದ್ದ. ಬಲಗೈ ಕೆನ್ನೆಯ ಮೇಲೆ. ಮೂಗಿನ ಪಕ್ಕದ್ದು ಒಂದು ಒತ್ತು, ಹೋಯಿತು. ಅದರ ಕೆಳಗಿನದು ಒಂದು ಒತ್ತು, ಹೋಯಿತು. ಬೂಷ್ಟಿಗೆ ಯಾವಾಗಲೂ ಒಂದೇ ಒತ್ತು. ಆಮೇಲೆ ಒಂದು ಕಡೆ ಕೈ ನಿಂತಿತ್ತು. ಹೌದು, ನಿಂತಿತ್ತು, ಗಿರಿಗೆ ತಡಿ ಒಂದ್ನಿಮಿಷ ಎಂದಿದ್ದಳು. ಒತ್ತಿದಾಗ ದುಂಡನೆಯದು ಹೋಗಿ ಇನ್ನೊಂದಿಷ್ಟು ಉಳಿದಿತ್ತು, ತೆಳ್ಳಗೆ, ಬಾಲದ ಹಾಗೆ. ಇದೇನು ಹಠದ್ದು ಎಂದು ಮತ್ತೆ ಒತ್ತಿದ್ದಳು.

"ಎರಡು ಸಲ ಒತ್ತಬೇಕಾಯ್ತು ಅಮ್ಮ," ಎಂದಳು. "ಬೂಷ್ಟು ಅಂಚಲ್ಲಿ ಬೇರು ಬಿಟ್ಟಿರತ್ತೆ. ಇದಕ್ಕೆ ಇರ್ಲಿಲ್ಲ. ದುಂಡಗಿತ್ತು. ಒಂದ್ಕಡೆ ಜಾರಿತ್ತು, ಕಿವಿ ಕಡೆಗೆ. ಬೊಟ್ಟೇ. ನಾನೇ ಅಳಿಸಿದ್ದು."

ಯುಪಿಎಸ್ಸಿನ ಕೂಗು ಈಗ ಒತ್ತೊತ್ತಾಗಿ ಬರುತ್ತಿತ್ತು. ಮುದುಕಿ ತನ್ನ ಬಲಗೈಯ ಉಂಗುರಬೆರಳನ್ನು ಎತ್ತಿ ನೋಡಿಕೊಂಡಳು, ಅಲ್ಲಿ ಇನ್ನೂ ಕಾಡಿಗೆ ಇದೆಯೋ ಎಂಬಂತೆ.

"ಮೊಕ ತಿರುಗಿಸ್ಬುಟ್ಲು," ಎಂದಳು. "ಅದಕ್ಕೇ ಜಾರಿದ್ದು." ಆಮೇಲೆ ದನಿ ಇಳಿಸಿ, ಒಳಗಿನ ಕೋಣೆಯ ಮಗುವಿಗೆ ಕೇಳಿಸಬಾರದು ಎಂಬಂತೆ, "ಬೆರಳಿಗೆ ಬಿಸಿ ತಾಕ್ತು ಕಣಮ್ಮ. ಅವತ್ತೇ ಬಿಸಿ ಇತ್ತು ಕೆನ್ನೆ. ಸ್ಟುಡಿಯೋದೋನಿಗೆ ಬರ್ತೀವಿ ಅಂದಿದ್ವಿ ಅಂತ ಕರ್ಕೊಂಡೋದೆ. ಅದನ್ನ ನಾನು ಯಾರ್‌ಗೂ ಹೇಳ್ಲಿಲ್ಲ."

ಕೂಗು ನಿಂತಿತು. ಬೆನ್ನ ಹಿಂದೆ ಬೆಳಗಿನಿಂದ ನಡುಗುತ್ತಿದ್ದ ಡಬ್ಬ ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾದದ್ದು ವೇದಾಳ ಬೆನ್ನಿಗೇ ತಿಳಿಯಿತು. ತಲೆಯೆತ್ತಿದಾಗ ಪರದೆ ಕಪ್ಪಾಗಿತ್ತು. ಮುದುಕಿ ಕೂತಲ್ಲಿಂದ ಅಲ್ಲಾಡಿರಲಿಲ್ಲ; ಉಂಗುರಬೆರಳನ್ನು ಪರದೆಯ ಕೆಳಗಿನ ಅಂಚಿಗೆ, ಅಂಚಿಗಿಂತ ಎರಡು ಬೆರಳು ಕೆಳಗೆ, ಏನೂ ಇಲ್ಲದ ಗಾಳಿಯಲ್ಲಿ ಹಿಡಿದಿದ್ದಳು. ವೇದಾ ಆ ಕೈಯನ್ನು ಹಿಡಿದು ಮೇಲಕ್ಕೆ ತಂದು ಗಾಜಿನ ಮೇಲೆ ಇಟ್ಟಳು. ಗಾಜು ಇನ್ನೂ ಬೆಚ್ಚಗಿತ್ತು.